ಮ್ಯಾಕ್ರೋ ನಿಂತರೆ ಬಾಗಿಲನ್ನೇ ಕಳಚಬೇಕೆ?



ಗಲ್ಲಾ ಲೆಕ್ಕ, ದಿನಸಿ ಸ್ಟಾಕು, ಹುಡುಗರ ಸಂಬಳ ಇವೆಲ್ಲವನ್ನೂ ನಮ್ಮಲ್ಲಿ ಅನೇಕರು ಎಕ್ಸೆಲ್‌ನಲ್ಲೇ ಇಡುತ್ತೇವೆ. ಒಂದು ಬಟನ್ ಒತ್ತಿದರೆ ತಿಂಗಳ ಲೆಕ್ಕ ತಾನಾಗಿ ಕೂಡಿ ಬರುವುದು ಅದರೊಳಗೆ ಬರೆದಿಟ್ಟ ಮ್ಯಾಕ್ರೋದಿಂದ. ಹೊಸ ಆಫೀಸ್ ಹಾಕಿಸಿದ ಮೇಲೆ ಕೆಲವೊಮ್ಮೆ ಈ ಬಟನ್ ನಿಂತುಬಿಡುತ್ತದೆ. ರಿಪೇರಿಗೆ ಬಂದ ಹುಡುಗ ಟ್ರಸ್ಟ್ ಸೆಂಟರ್ ತೆರೆದು ‘ಎನೇಬಲ್ ಆಲ್ ಮ್ಯಾಕ್ರೋಸ್’ ಎಂದು ಒತ್ತಿ ಹೊರಟುಹೋಗುತ್ತಾನೆ. ಇದನ್ನು ನಾವು ಒಪ್ಪುವುದಿಲ್ಲ. ಸ್ಟೋರ್ ರೂಮಿನ ಬೀಗ ಬಿಗಿಯಾಯಿತೆಂದು ಬಾಗಿಲನ್ನೇ ಕಳಚಿಡುವವರು ನಮ್ಮಲ್ಲಿ ಯಾರಿದ್ದಾರೆ?

ಮ್ಯಾಕ್ರೋ ಎಂದರೆ ಬರೀ ಲೆಕ್ಕವಲ್ಲ, ಕಂಪ್ಯೂಟರಿಗೆ ಕೊಡುವ ಆಜ್ಞೆ. 1999ರಲ್ಲಿ ಮೆಲಿಸ್ಸಾ ಎಂಬ ವೈರಸ್ ವರ್ಡ್ ಫೈಲಿನ ಮ್ಯಾಕ್ರೋದಲ್ಲೇ ಅಡಗಿ ಬಂದು, ವಿಳಾಸ ಪಟ್ಟಿಯ ಮೊದಲ 50 ಜನರಿಗೆ ತಾನಾಗಿ ಮೇಲ್ ಕಳಿಸಿತ್ತು. ಇಂಥವಕ್ಕಾಗಿಯೇ ಮೈಕ್ರೋಸಾಫ್ಟ್ 2022ರಿಂದ ಇಂಟರ್ನೆಟ್ ಮೂಲಕ ಬಂದ ಫೈಲುಗಳ ಮ್ಯಾಕ್ರೋವನ್ನು ತಾನೇ ತಡೆಯುತ್ತದೆ. ಆಗ ಫೈಲಿನ ಮೇಲೆ ಕೆಂಪು ಪಟ್ಟಿ ಕಾಣುತ್ತದೆ.

ಇನ್ನೊಂದು ಗುರುತು ‘ಟ್ರಸ್ಟ್ ಆಕ್ಸೆಸ್ ಟು ದಿ ವಿಬಿಎ ಪ್ರಾಜೆಕ್ಟ್ ಆಬ್ಜೆಕ್ಟ್ ಮಾಡೆಲ್’. ಒಂದು ಪ್ರೋಗ್ರಾಮ್ ಮತ್ತೊಂದು ಫೈಲಿನ ಮ್ಯಾಕ್ರೋವನ್ನೇ ತಿದ್ದಿ ಬರೆಯಲು ಕೊಡುವ ಪರವಾನಗಿ ಇದು. ಕಂಪನಿ ಇದನ್ನು ಮುಚ್ಚಿಯೇ ಕೊಟ್ಟಿರುತ್ತದೆ. ಕೂಡಿ ಕಳೆದು ಪ್ರಿಂಟ್ ತೆಗೆಯುವ ಮ್ಯಾಕ್ರೋಗೆ ಇದು ಬೇಕಿಲ್ಲ. ಬೇಕೇ ಬೇಕು ಎಂದರೆ, ಏಕೆಂದು ಬರೆದವರನ್ನೇ ಕೇಳಬೇಕು.

ಹಾಗಾದರೆ ಮಾಡುವುದೇನು? ಕೆಂಪು ಪಟ್ಟಿ ಬಂದ ಫೈಲು ನಮ್ಮದೇ ಎಂದು ಖಾತ್ರಿಯಿದ್ದರೆ ಅದನ್ನು ಮುಚ್ಚಿ, ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಿದರೆ ಆ ಒಂದು ಫೈಲು ಮಾತ್ರ ಬಿಡುಗಡೆಯಾಗುತ್ತದೆ. ಲೆಕ್ಕದ ಫೈಲುಗಳಿಗೆ ಬೇರೆ ಫೋಲ್ಡರ್ ಮಾಡಿ ಅದನ್ನು ‘ಟ್ರಸ್ಟೆಡ್ ಲೊಕೇಶನ್’ಗೆ ಸೇರಿಸಬಹುದು. ಆದರೆ ಮೇಲ್‌ನಲ್ಲಿ ಬಂದ ಯಾವ ಫೈಲನ್ನೂ ಆ ಫೋಲ್ಡರಿಗೆ ಹಾಕಕೂಡದು. ಉಳಿದದ್ದೆಲ್ಲ ‘ಡಿಸೇಬಲ್ ವಿತ್ ನೋಟಿಫಿಕೇಶನ್’ನಲ್ಲೇ ಇರಲಿ. ಆಗ ಕಂಪ್ಯೂಟರ್ ಮೊದಲು ನಮ್ಮನ್ನು ಕೇಳುತ್ತದೆ.

ಹೋಟೆಲ್ ನಡೆಸುವವರಿಗೆ ಈ ತಲೆನೋವು ಏಕೆ ಎನ್ನಬಹುದು. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ, ಕೆಲಸಗಾರರ ಆಧಾರ್ ಪ್ರತಿ ಎಲ್ಲವೂ ಅದೇ ಕಂಪ್ಯೂಟರಿನಲ್ಲಿದೆ. ಸಪ್ಲೈಯರ್ ಬಿಲ್ ಎಂಬ ಹೆಸರಿನಲ್ಲಿ ಬಂದ ಒಂದು ಕೆಟ್ಟ ಫೈಲು ಸಾಕು. ರಾತ್ರಿ ಗ್ಯಾಸ್ ಮುಚ್ಚಿದೆಯೇ ಎಂದು ನೋಡದೆ ನಾವು ಮಲಗುವುದಿಲ್ಲ. ರಿಪೇರಿ ಹುಡುಗ ಏನೇನು ತೆರೆದ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆಸಿಕೊಂಡೇ ಅವನಿಗೆ ದುಡ್ಡು ಕೊಡೋಣ.