ನಾಯಿ ಕಣ್ಣಿನ ಗೀಜಿಗೆ ಧೂಳೇ ಕಾರಣವೇ?

ಹೊಲ ಕಾಯುವ ನಾಯಿಯನ್ನು ನಾವು ದನಕರುಗಳ ಲೆಕ್ಕದಾಗ ಹಿಡಿಯೋದಿಲ್ಲ. ಎತ್ತು ಮೇವು ಬಿಟ್ಟರ ಅದೇ ದಿನ ಡಾಕ್ಟರ ಕಡೆ ಓಡತೀವಿ. ನಾಯಿ ಕಣ್ಣು ಮುಚ್ಚಿಕೊಂಡು ಮಲಗಿದರ ‘ತಾನ ಆರಾಮ ಆಗತೈತಿ ಬಿಡು’ ಅಂತೀವಿ. ನಾನೂ ಹಂಗ ಅಂದವನು. ಅದಕ್ಕ ನಮ್ಮ ಕರಿಯನ ಒಂದು ಕಣ್ಣು ಹೋಯಿತು.

ಕರಿಯ ನಮ್ಮ ಕಡೆಯ ನಾಟಿ ನಾಯಿ. ತೊಗರಿ ರಾಶಿ ಕಣದಾಗ ಇದ್ದಾಗ, ರಾತ್ರಿ ಬಿಳಿಜೋಳಕ್ಕ ಹಂದಿ ನುಗ್ಗಿದಾಗ ಅದೇ ನಮಗ ಕಾವಲು. ಮೂರು ವರ್ಷದ ಹಿಂದ ಬ್ಯಾಸಗಿಯಾಗ ಅದರ ಎರಡೂ ಕಣ್ಣಿಗೆ ಹಳದಿ ಗೀಜು ಕಟ್ಟತೊಡಗಿತು. ಇಂಡಿ, ಸಿಂದಗಿ ಇರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇರಲಿ, ಬ್ಯಾಸಗಿ ಅಂದರ ಬಿಸಿಗಾಳಿ, ಧೂಳು. ಧೂಳು ಬಿದ್ದೈತಿ ಅಂತ ತಿಳಿದೆ. ನಮ್ಮಪ್ಪ ಎತ್ತಿನ ಕಣ್ಣಿಗೆ ಮಾಡುತ್ತಿದ್ದಂತೆ ತಂಬಾಕ ಅಗಿದು ಉಗುಳಿದೆ. ಈಗ ನೆನೆಸಿಕೊಂಡರ ನಾಚಿಕಿ ಬರತೈತಿ. ಆಮ್ಯಾಲೆ ನನ್ನ ಕಣ್ಣಿಗೆ ತಂದು ಉಳಿದಿದ್ದ ಹನಿ ಹಾಕಿದೆ. ಎರಡು ದಿನ ಕೆಂಪು ಇಳಿಯಿತು, ಮತ್ತ ಬಂತು. ಹಿಂಗ ನಾಲ್ಕು ತಿಂಗಳು ಕಳೆದೆ. ಎಡಗಣ್ಣಿನಾಗ ಹುಣ್ಣಾಗಿ ಒಡೆಯಿತು.

ಕಡೆಗೆ ವಿಜಯಪುರದ ಒಬ್ಬ ಪಶುವೈದ್ಯರ ಕಡೆ ಒಯ್ದೆ. ಅವರು ಸಣ್ಣ ಕಾಗದದ ಪಟ್ಟಿಯನ್ನು ಬಲಗಣ್ಣಿನ ಕೆಳರೆಪ್ಪೆಯೊಳಗ ಸಿಗಿಸಿ ಗಡಿಯಾರ ನೋಡುತ್ತ ನಿಂತರು. ಒಂದು ನಿಮಿಷದಾಗ ಪಟ್ಟಿ 15 ಮಿಲಿಮೀಟರ್ ಅಥವಾ ಹೆಚ್ಚು ತೊಯ್ದರ ಕಣ್ಣೀರು ಸರಿ ಐತಿ ಅಂತ. 10ಕ್ಕಿಂತ ಕಡಿಮೆ ಆದರ ಒಣಗಣ್ಣಿನ ರೋಗದ ಗುರುತು. ಕರಿಯನದು 4ಕ್ಕ ನಿಂತಿತು.

‘ಇಷ್ಟು ಗೀಜು ಸುರೀತೈತಿ, ಒಣಗೈತಿ ಅಂತೀರಲ್ರೀ?’ ಅಂದೆ.

‘ನೀರು ಕಡಿಮೆ ಆದಾಗ ಲೋಳೆ ಅಷ್ಟೇ ಉಳೀತೈತಿ ಕಾಕಾ. ಅದೇ ನಿಮಗ ಕಾಣೋ ಗೀಜು’ ಅಂದರು.

ಹೆಚ್ಚಿನ ನಾಯಿಗಳಲ್ಲಿ ಮೈಯೊಳಗಿನ ರೋಗನಿರೋಧಕ ಶಕ್ತಿಯೇ ತಪ್ಪಿ ಕಣ್ಣೀರಿನ ಗ್ರಂಥಿಯನ್ನು ಹಾಳು ಮಾಡುತ್ತದಂತೆ. ಡಿಸ್ಟೆಂಪರ್ ರೋಗದಿಂದಲೂ, ಕೆಲವು ಸಲ್ಫಾ ಔಷಧಗಳಿಂದಲೂ ಬರುವುದುಂಟು. ನಾನು ಹಾಕಿದ ಹನಿಯಲ್ಲಿ ಸ್ಟೀರಾಯ್ಡ್ ಇತ್ತು. ಕಣ್ಣಾಗ ಹುಣ್ಣಿದ್ದಾಗ ಅದನ್ನು ಹಾಕಿದರ ಹುಣ್ಣು ಆಳಕ್ಕಿಳಿದು ಕಣ್ಣೇ ಒಡೆಯಬಹುದು. ಹುಣ್ಣು ಐತೋ ಇಲ್ಲೋ ಅಂತ ನೋಡಲು ಬಣ್ಣ ಹಾಕುವ ಪರೀಕ್ಷೆ ಬ್ಯಾರೆ ಐತಿ.

ಬಲಗಣ್ಣಿಗೆ ಸೈಕ್ಲೋಸ್ಪೋರಿನ್ ಬರೆದುಕೊಟ್ಟರು, ದಿನಕ್ಕ ಎರಡು ಸಲ. ಅದು ಕೆಲಸ ಮಾಡಲು ವಾರಗಟ್ಟಲೆ ಬೇಕು. ಅಲ್ಲಿತನಕ ಕೃತಕ ಕಣ್ಣೀರಿನ ಹನಿಯನ್ನು ಮ್ಯಾಲಿಂದ ಮ್ಯಾಲೆ ಹಾಕಬೇಕು. ಔಷಧ ಹಾಕುವ ಮೊದಲು ಕಾಸಿ ಆರಿಸಿದ ನೀರಿನಾಗ ಹತ್ತಿ ಅದ್ದಿ ಗೀಜು ಒರೆಸಬೇಕು. ಗೀಜಿನ ಮ್ಯಾಲೆ ಹಾಕಿದ ಔಷಧ ಕಣ್ಣಿಗೆ ತಾಗೋದಿಲ್ಲ. ನಾವು ಎಮ್ಮಿ ಹಿಂಡುವ ಎರಡು ಹೊತ್ತಿಗೂ ಹಾಕತೀವಿ, ಹಂಗಾಗಿ ಮರೆಯೋದಿಲ್ಲ. ಈಗ ಪಟ್ಟಿ 13ರ ತನಕ ತೊಯ್ಯತೈತಿ. ಆರಾಮ ಆತು ಅಂತ ನಡುವ ಹದಿನೈದು ದಿನ ಬಿಟ್ಟಿದ್ದೆ, ಗೀಜು ಮತ್ತ ಬಂತು. ಕರಿಯ ಇರೋತನಕ ಔಷಧ ಹಾಕೋದೇ.

‘ನಾಯಿಗೆ ಇಷ್ಟು ರೊಕ್ಕ ಸುರೀತಿ?’ ಅಂತ ಮಂದಿ ನಗತಾರ. ಒಣಬೇಸಾಯದವನ ಕೈಯಾಗ ರೊಕ್ಕ ಎಷ್ಟಿರತೈತಿ ಅನ್ನೋದು ನನಗೂ ಗೊತ್ತು. ಆದರ ರಾಶಿ ಮುಂದ ಕೂಲಿ ಕೊಟ್ಟು ಒಬ್ಬನನ್ನು ಕೂಡಿಸಿದರ ಎಷ್ಟಾಗತೈತಿ, ಲೆಕ್ಕ ಹಾಕ್ರಿ.

ನಾನು ಕೇಳೋದು ದೊಡ್ಡ ಯಂತ್ರ ಅಲ್ಲ. ಆ ಕಾಗದದ ಪಟ್ಟಿ, ಹುಣ್ಣು ನೋಡುವ ಬಣ್ಣ ಎರಡೂ ಪ್ರತಿ ತಾಲೂಕಿನ ಪಶು ಆಸ್ಪತ್ರೆಯಾಗ ಇರಬೇಕು. ಮೊದಲ ತಿಂಗಳೇ ಯಾರಾದರೂ ಕಣ್ಣೀರು ಅಳೆದಿದ್ದರ ಎಡಗಣ್ಣೂ ಉಳಿಯುತ್ತಿತ್ತೇನೋ. ಈಗ ಆ ಕಡೆಯಿಂದ ಯಾರಾದರೂ ಕಣಕ್ಕ ಬಂದರ ಕರಿಯ ತಡಾಗಿ ಬೊಗಳತೈತಿ.