ಹಳೇ ವಿಂಡೋಸ್ ಅಳಸಾಕ ಅವಸರ ಬ್ಯಾಡ

ಅಕ್ಕಾರ, ತಂಗ್ಯಾರ, ಈಗ ಮನಿಮನಿಯೊಳಗ ಒಂದ ಮಾತು ನಡದದ: "ವಿಂಡೋಸ್ 10 ಮುಗೀತು, 11 ಹಾಕಸ್ರಿ" ಅಂತ. ಮಾತೇನ ಸುಳ್ಳಲ್ಲ. 2025ರ ಅಕ್ಟೋಬರ್ 14ಕ್ಕ ಮೈಕ್ರೋಸಾಫ್ಟ್ ಕಂಪನಿ 10ರ ಸಪೋರ್ಟ್ ನಿಲ್ಲಿಸೇದ. ಹೊಸಾದು ಬೇಕ.

ಆದ್ರ ಹಾಕೋ ರೀತಿ ಬಗ್ಗೆ ನಂದೊಂದು ತಕರಾರು ಅದ. ರಜಾಕ್ಕ ಬಂದ ಮಗನೋ ಅಳಿಯನೋ "ಎಲ್ಲಾ ಫಾರ್ಮ್ಯಾಟ್ ಮಾಡಿ ಸ್ವಚ್ಛ ಮಾಡಿಬಿಡ್ತೇನಿ" ಅಂತ ಕೂತಬಿಡ್ತಾರ. ಹೊಸಾ ಮೊಸರು ಗಟ್ಟಿ ಆಗೋತನಕಾ ನಾವು ಹಳೇ ಮೊಸರಿನ ಬಟ್ಟಲಾ ತೊಳೀತೇವೇನು? ಹೆಪ್ಪಿಗಂತ ನಾಕ ಚಮಚಾ ಉಳಿಸ್ಕೊಂಡಿರ್ತೇವಿ. ಇದೂ ಹಂಗ.

ಹೊಸಾದನ್ನ ಬ್ಯಾರೆ ಪಾರ್ಟಿಶನ್ನಿಗೆ ಹಾಕಸ್ರಿ. ಪಾರ್ಟಿಶನ್ ಅಂದ್ರ ಒಂದ ಡಿಸ್ಕಿನೊಳಗ ಗ್ವಾಡಿ ಎಬ್ಬಿಸಿ ಮಾಡಿದ ಇನ್ನೊಂದ ಖೋಲಿ. 11ಕ್ಕ ಕಮ್ಮೀತಕಮ್ಮಿ 64 ಜಿಬಿ ಜಾಗಾ, 4 ಜಿಬಿ ರ್‍ಯಾಮ್, ಟಿಪಿಎಂ 2.0 ಬೇಕು. ಭಾಳ ಹಳೇ ಕಂಪ್ಯೂಟರಿನ್ಯಾಗ ಈ ಟಿಪಿಎಂ ಇರೂದಿಲ್ಲ, ಮೊದಲ ನೋಡಿಸ್ಕೋರಿ. ಹಾಕಿದ ಮ್ಯಾಲೆ, ಚಾಲೂ ಮಾಡಿದಾಗೆಲ್ಲಾ ಯಾವ ವಿಂಡೋಸ್ ಬೇಕು ಅಂತ ಅದ ಕೇಳ್ತದ.

ಇಷ್ಟ್ಯಾಕ ಅಂತೀರಿ? ಭಜನಿ ಮಂಡಳದ ಹಾಡು, ಹಪ್ಪಳ ಸಂಡಿಗಿ ಲೆಕ್ಕಾ, ಅತ್ತಿಯವರು ಹೇಳಿ ಬರಸಿದ ಹಬ್ಬದ ಪದ್ಧತಿ, ಎಲ್ಲಾ ಹಳೇ ನುಡಿ ಫಾಂಟಿನ್ಯಾಗ ಟೈಪ್ ಮಾಡಿದ್ದು. ಹೊಸಾದ್ರಾಗ ಆ ಫಾಂಟ್ ಇರಲಿಲ್ಲಂದ್ರ ಕನ್ನಡದ ಬದ್ಲಿ ಇಂಗ್ಲಿಷ್ ಅಕ್ಷರದ ಖಿಚಡಿ ಕಾಣಸ್ತದ. ಹಳೇ ಖೋಲಿ ಇದ್ರ ಅಲ್ಲೇ ತಗದು ಓದಬಹುದು, ಸಾವಕಾಶ ಯೂನಿಕೋಡಿಗೆ ಬದಲಿಸ್ಕೋಬಹುದು. ಪ್ರಿಂಟರ್ ಹೊಸಾದ್ರಾಗ ನಡೀಲಿಲ್ಲಂದ್ರೂ ಕೆಲಸ ನಿಲ್ಲೂದಿಲ್ಲ.

ಮೂರು ಎಚ್ಚರ ಹೇಳ್ತೇನಿ. ಖೋಲಿ ಎರಡಾದ್ರೂ ಡಿಸ್ಕ್ ಒಂದ. ಅದು ಕೆಟ್ರ ಎರಡೂ ಹೋಗ್ತಾವ. ಅದಕ್ಕ ಗ್ವಾಡಿ ಎಬ್ಬಿಸೂಕಿಂತ ಮೊದಲ ಫೋಟೋ, ಕಾಗದಪತ್ರ ಎಲ್ಲಾ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಸ್ರಿ. ಎರಡನೇದು, ಹೊಸಾ ವಿಂಡೋಸ್ ಸಾಮಾನ್ಯವಾಗಿ ತನ್ನ ಖೋಲಿನ್ನೇ 'ಸಿ' ಅಂತ ಕರೀತದ, ಹಳೇದಕ್ಕ ಬ್ಯಾರೆ ಅಕ್ಷರ ಬರ್ತದ. ಅದನ್ನ ಬ್ಯಾಡಾದ್ದು ಅಂತ ತಿಳದು ಯಾರೂ ಅಳಸಬಾರದು. ಮೂರನೇದು, ಬ್ಯಾಂಕಿನ ವ್ಯವಹಾರ ಹೊಸಾದ್ರಾಗ ಮಾಡ್ರಿ. ಹಳೇದು ಬರೇ ಫೈಲ್ ನೋಡೂದಕ್ಕ ಇರ್ಲಿ.

ಎರಡ ತಿಂಗಳು ಹಿಂಗ ನಡೀಲಿ. ಒಂದೊಂದ ಫೈಲ್ ತಗದು ನೋಡಿ, ಎಲ್ಲಾ ಬಂದದ ಅಂತ ಖಾತ್ರಿ ಆದ ಮ್ಯಾಲೆ ಹಳೇ ಖೋಲಿ ಖಾಲಿ ಮಾಡ್ರಿ. ಕೆಲಸ ಹುಡುಗೂರು ಮಾಡ್ಲಿ, ಅವರಿಗೆ ಬರ್ತದ. "ಇನ್ನ ಅಳಸಪಾ" ಅನ್ನೋ ಮಾತು ಮಾತ್ರ, ದಿನಾ ಅದನ್ನ ಬಳಸೋ ನಮ್ಮ ಬಾಯಿಂದನ ಬರಬೇಕು.