ಶೇಂಗಾ ಪುಡಿಯ ಜೊತೆಗೊಂದು ನೋಟ್‌ಬುಕ್

ಮುಂಬೈ, ಪುಣೆಯ ಕನ್ನಡ ಮನೆಗಳಲ್ಲಿ ಶೇಂಗಾ ಚಟ್ನಿಪುಡಿ ಇಲ್ಲದ ಡಬ್ಬಿ ಸಾಲು ಅಪರೂಪ. ಉತ್ತರ ಕರ್ನಾಟಕದವರಾದರೆ ಹೋಳಿಗೆಯೂ ಅದರದೇ, ಇಲ್ಲಿಯ ಉಪವಾಸದ ಸಾಬುದಾಣಾ ಖಿಚಡಿಯಲ್ಲೂ ಅದೇ. ಇಂಥ ಅಡುಗೆಮನೆಯಲ್ಲಿ ಶೇಂಗಾ ಆಗದ ಮಗು ಬೆಳೆಯುವುದೆಂದರೆ ದಿನವಿಡೀ ಕಾವಲು. ಹಾಗಾಗಿಯೇ ‘ಶೇಂಗಾವನ್ನೇ ಚೂರು ಚೂರು ತಿನ್ನಿಸಿ ಒಗ್ಗಿಸುತ್ತಾರಂತೆ, ನಿಜವಾ?’ ಎಂದು ಕೇಳುವವರಿದ್ದಾರೆ.

ನಿಜ. ಇದಕ್ಕೆ ಓರಲ್ ಇಮ್ಯುನೋಥೆರಪಿ ಎನ್ನುತ್ತಾರೆ. ಅಮೆರಿಕದ ಎಫ್‌ಡಿಎ 2020ರ ಜನವರಿಯಲ್ಲಿ ಒಪ್ಪಿದ ಪಾಲ್‌ಫೋರ್ಜಿಯಾ ಪುಡಿಯಲ್ಲಿ ಮೊದಲ ಡೋಸು ಅರ್ಧ ಮಿಲಿಗ್ರಾಂ ಶೇಂಗಾ ಪ್ರೋಟೀನು. ತಿಂಗಳುಗಟ್ಟಲೆ ಏರಿಸಿ ತಲುಪುವುದು 300 ಮಿಲಿಗ್ರಾಂಗೆ, ಅಂದರೆ ಹೆಚ್ಚುಕಡಿಮೆ ಒಂದು ಕಾಳಿಗೆ. 2018ರಲ್ಲಿ ಪ್ರಕಟವಾದ ಇದರ ದೊಡ್ಡ ಪ್ರಯೋಗದಲ್ಲಿ, ಪುಡಿ ತೆಗೆದುಕೊಂಡ 4ರಿಂದ 17 ವರ್ಷದವರಲ್ಲಿ ಶೇಕಡಾ 67 ಮಂದಿ ಕೊನೆಯ ಪರೀಕ್ಷೆಯಲ್ಲಿ 600 ಮಿಲಿಗ್ರಾಂ ತಡೆದುಕೊಂಡರು. ಬರಿ ಹುಸಿಪುಡಿ ತಿಂದವರಲ್ಲಿ ಶೇಕಡಾ 4 ಮಾತ್ರ.

ಇನ್ನೊಂದು ಮುಖವೂ ಇದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇಂಥ 12 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಲೇಖನ ಪ್ರಕಟಿಸಿತು. ತೀವ್ರ ಅಲರ್ಜಿ, ಅಂದರೆ ಅನಾಫಿಲಾಕ್ಸಿಸ್, ಚಿಕಿತ್ಸೆ ಪಡೆದವರಲ್ಲಿ ಶೇಕಡಾ 22, ಪಡೆಯದವರಲ್ಲಿ 7. ತಮಾಷೆಯಲ್ಲ ಇದು. ಚಿಕಿತ್ಸೆ ಬೇಡವೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ನಾವೇ ಚಿಟಿಕೆ ಅಳೆದು ಶುರುಮಾಡುವ ಮದ್ದಲ್ಲ ಎನ್ನುತ್ತಿದ್ದೇನೆ. ಡೋಸು ಏರಿಸುವುದು ಆಸ್ಪತ್ರೆಯಲ್ಲಿ. ಉಳಿದ ದಿನಗಳೆಲ್ಲ ಮನೆಯಲ್ಲೇ, ವೈದ್ಯರಿಗೆ ಕಾಣದಂತೆ ಕಳೆಯುತ್ತವೆ. ಆ ದಿನಗಳಿಗೆ ಸಾಕ್ಷಿ ನೋಟ್‌ಬುಕ್ ಒಂದೇ.

ಡೋಸು ಎಷ್ಟು, ಎಷ್ಟು ಗಂಟೆಗೆ, ಹೊಟ್ಟೆ ತುಂಬಿತ್ತೋ ಖಾಲಿಯೋ, ಎಷ್ಟು ನಿಮಿಷಕ್ಕೆ ಏನಾಯಿತು, ಏನು ಔಷಧ ಕೊಟ್ಟಿರಿ, ಯಾವಾಗ ಇಳಿಯಿತು. ಏನೂ ಆಗದಿದ್ದರೆ ‘ಏನೂ ಇಲ್ಲ’ ಎಂದೂ ಬರೆಯಬೇಕು. ಜ್ವರ, ಶೀತ, ನಿದ್ದೆಗೇಡು, ಡೋಸಿನ ನಂತರ ಓಟಾಟ, ಬಿಸಿನೀರ ಸ್ನಾನ, ದೊಡ್ಡ ಹುಡುಗಿಯರಲ್ಲಿ ಮುಟ್ಟು, ಇವೆಲ್ಲ ನಿನ್ನೆಯವರೆಗೆ ಒಗ್ಗಿದ್ದ ಡೋಸನ್ನು ಇವತ್ತು ಒಗ್ಗದಂತೆ ಮಾಡಬಲ್ಲವು. ಜ್ವರ ಬಂದ ದಿನ ಡೋಸಿಗೆ ಮೊದಲೇ ವೈದ್ಯರಿಗೆ ಫೋನ್ ಮಾಡಿ. ಊರಿಗೆ ಹೋಗಿ ನಾಲ್ಕು ದಿನ ತಪ್ಪಿದರೆ ಹಳೆಯ ಡೋಸಿನಿಂದಲೇ ಮುಂದುವರಿಸಬಾರದು, ಅದನ್ನೂ ಕೇಳಿಯೇ.

ಹೆಚ್ಚು ಮುಚ್ಚಿಡುವುದು ಹೊಟ್ಟೆನೋವನ್ನು. ‘ಹೇಳಿದರೆ ಡೋಸು ಇಳಿಸಿಬಿಡ್ತಾರೆ’ ಎಂಬ ಆತಂಕ ಅಪ್ಪ ಅಮ್ಮಂದಿರಿಗೆ. ಬಾಯಿ ತುರಿಕೆ ಮೊದಲ ವಾರಗಳಲ್ಲಿ ಸಾಮಾನ್ಯ, ಬಹುಪಾಲು ತಾನೇ ಹೋಗುತ್ತದೆ. ಆದರೆ ವಾರಗಟ್ಟಲೆ ಬಿಡದ ಹೊಟ್ಟೆನೋವು, ವಾಂತಿ, ತುತ್ತು ನುಂಗಲು ತ್ರಾಸ ಬೇರೆ ಮಾತು. ಅನ್ನನಾಳದಲ್ಲಿ ಅಲರ್ಜಿಯ ಉರಿಯೂತ ಕೂತಿರಬಹುದು. ಕೆಲವೇ ಮಕ್ಕಳಲ್ಲಿ ಬರುತ್ತದೆ, ಆದರೆ ಒಂದು ದಿನದ ನೋವಿನಲ್ಲಿ ಗೊತ್ತಾಗದು. ಒಂದೂವರೆ ತಿಂಗಳ ಪುಟ ತಿರುವಿದಾಗ ಕಾಣುತ್ತದೆ.

ಮಗುವಿನ ಮಾತನ್ನು ಅದು ಆಡಿದ ಹಾಗೇ ಬರೆಯಿರಿ. ‘ನಾಲಿಗೆ ಚುಚ್ತದೆ’, ‘ಗಂಟಲಲ್ಲಿ ಕೂದಲು ಸಿಕ್ಕಿದೆ’ ಎನ್ನುವ ಮಗುವಿನ ಮಾತು ಇಂಗ್ಲಿಷ್ ಚಾರ್ಟಿನಲ್ಲಿ ‘ಮೈಲ್ಡ್’ ಆಗಿಬಿಡುತ್ತದೆ. ವೈದ್ಯರಿಗೆ ಕನ್ನಡ ಬಾರದಿದ್ದರೆ ಅರ್ಥ ಬಿಡಿಸಿ ಹೇಳಬಹುದಲ್ಲ.

ಮೊದಲ ಪುಟ ಮಾತ್ರ ಬೇರೆಯದಕ್ಕೆ. ಕೆಮ್ಮು, ದನಿ ಬದಲು, ಉಸಿರಿನ ಕಷ್ಟ, ಮಗು ಇದ್ದಕ್ಕಿದ್ದಂತೆ ಜೋಲುವುದು ಕಂಡರೆ ಸಿರಪ್ಪು ಹುಡುಕುತ್ತಾ ಕೂರದೆ ಅಡ್ರಿನಲಿನ್, ತೊಡೆಯ ಹೊರಭಾಗಕ್ಕೆ, ಆಮೇಲೆ ಆಸ್ಪತ್ರೆ. ರೆಡಿ ಪೆನ್ನು ನಮ್ಮಲ್ಲಿ ಸುಲಭಕ್ಕೆ ಸಿಗದು, ಆಂಪೂಲು ಸಿರಿಂಜೇ ಹೆಚ್ಚಿನವರಿಗೆ ಗತಿ. ಮಗುವಿನ ತೂಕಕ್ಕೆ ಎಷ್ಟು ಎಳೆಯಬೇಕೆಂದು ವೈದ್ಯರಿಂದಲೇ ಬರೆಸಿ, ಅವರೆದುರೇ ಎಳೆದು ಕಲಿಯಿರಿ. ಸಂಜೆ ಐದಕ್ಕೆ ಮನೆಯಲ್ಲಿರುವುದು ಅಜ್ಜಿಯಾದರೆ ಆ ಪುಟ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿರಲಿ. ಅಜ್ಜಿಯೂ ಒಮ್ಮೆ ಎಳೆದು ನೋಡಲಿ.